ಕರಗಿಸಿ ಹಾಕಬೇಕು

"ಅದನ್ನ ಕೆಳಗಿಡಿ ಅಕ್ಕ," ಎಂದು ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳುವಷ್ಟರಲ್ಲಿ ದೊಡ್ಡಕ್ಕನ ಕೈಯಲ್ಲಿದ್ದ ಕೆಂಪು ಮಂಜುಗಡ್ಡೆ ನೀರಿನ ಲೋಟಕ್ಕೆ ಬೀಳುವುದರಲ್ಲಿತ್ತು.

ದೊಡ್ಡಕ್ಕ ಕೈ ತಡೆದರು. ಗಡ್ಡೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಯಾಕೆ? ಯಾವುದೋ ಹಣ್ಣಿನ ರಸ ಗಟ್ಟಿ ಮಾಡಿಟ್ಟಿದ್ದೀಯ ಅಂದ್ಕೊಂಡೆ."

"ರಸ ಅಲ್ಲ, ಹುಳ. ನಿಮ್ಮ ತಮ್ಮ ಮೀನಿಗೆ ಹಾಕ್ತಿದ್ದಿದ್ದು."

ದೊಡ್ಡಕ್ಕ ಅದನ್ನು ಬಿಸಾಡಲೂ ಇಲ್ಲ, ಮುಖ ಸಿಂಡರಿಸಲೂ ಇಲ್ಲ. ಐಸ್ ತಟ್ಟೆಯ ಗುಳಿಯೊಳಗೆ ಅದನ್ನು ಮೆಲ್ಲಗೆ ಕೂರಿಸಿ, ಫ್ರೀಜರಿನ ಬಾಗಿಲು ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡರು. ತಮ್ಮ ಸತ್ತ ಸುದ್ದಿ ಕೇಳಿ ದೂರದೂರಿನಿಂದ ಹೊರಟು ಬಂದವರು ಇನ್ನೂ ಅತ್ತಿರಲಿಲ್ಲ. ಬಂದಾಗಿನಿಂದ ಅವರು ಕೇಳಿದ್ದು ನೀರು ಮಾತ್ರ.

"ನಿಮ್ಮನ್ನಾದ್ರೂ ತಡೆಯೋರಿದ್ರು," ಎಂದು ಹಾಲ್‌ನಿಂದ ಅವಳ ಅಣ್ಣ ಕೂಗಿ ಹೇಳಿದ. "ನಾನು ಅದನ್ನ ಜ್ಯೂಸಿಗೆ ಹಾಕ್ಕೊಂಡು ಅರ್ಧ ಲೋಟ ಕುಡಿದಿದ್ದೆ. ಭಾವ ಎದುರಿಗೇ ಕೂತಿದ್ರು. ಕೊನೆಗೆ, ಅದನ್ನ ನೀರಲ್ಲಿ ಕರಗಿಸಿ ಮೀನಿಗೆ ಕೊಡಬೇಕು ಭಾವ ಅಂದ್ರು. ಅಷ್ಟೇ ಅಂದಿದ್ದು."

ಹೆಣದ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು. ಅವಳಿಗೆ ಮೈ ಉರಿಯಿತು. ನಗುವವರ ಮೇಲಲ್ಲ, ಮಲಗಿದ್ದವನ ಮೇಲೆ. ಇದ್ದಾಗಲೂ ಹೀಗೇ. ಮಾಡುವುದೆಲ್ಲ ತಾನು ಮಾಡಿ, ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಪಾಲು ಇವಳಿಗೆ ಬಿಡುತ್ತಿದ್ದ.

ಹಾಲ್ ಚಿಕ್ಕದು. ಮೀನಿನ ತೊಟ್ಟಿಯೇ ಒಂದು ಗೋಡೆ ನುಂಗಿತ್ತು. ಹಾಗಾಗಿ ಅವನನ್ನು ತೊಟ್ಟಿಗೆ ತಾಗಿಸಿಯೇ ಮಲಗಿಸಬೇಕಾಗಿ ಬಂದಿತ್ತು. ಗಾಜಿನೊಳಗಿನ ನೀಲಿ ಬೆಳಕು ಅವನ ಕೆನ್ನೆಯ ಮೇಲೆ ಅಲುಗಾಡುತ್ತಿತ್ತು. ಒಳಗೆ ಕಿತ್ತಳೆ ಬಣ್ಣದ ದಪ್ಪ ಮೀನೊಂದು ಗಾಜಿಗೆ ಮೂತಿ ಒತ್ತಿ ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿತ್ತು. ಅದರ ಹೆಸರು ಮ್ಯಾನೇಜರ್. ದಿನವಿಡೀ ಗಾಜಿನ ಹಿಂದೆ ಕೂತು ತಿನ್ನುವುದು ಬಿಟ್ಟು ಬೇರೆ ಕೆಲಸವಿಲ್ಲ ಎಂದು ಅವನೇ ಇಟ್ಟ ಹೆಸರು.

"ಹೇಗಾಯ್ತಮ್ಮ?" ಎಂದರು ಈಗಷ್ಟೇ ಒಳಗೆ ಬಂದ ಯಾರೋ.

"ಬೆಳಗ್ಗೆ ಎದ್ರು, ಕಾಫಿ ಕುಡಿದ್ರು, ಶೂ ಹಾಕ್ಕೊಳ್ಳೋಕೆ ಬಗ್ಗಿದ್ರು, ಹಾಗೇ ಹೋದ್ರು," ಎಂದಳು ಅವಳು ಒಂದೇ ಉಸಿರಿಗೆ. ಬಸ್ ನಿಲ್ದಾಣದ ವಿಚಾರಣೆಯ ಕೌಂಟರಿನಲ್ಲಿ ಕೂತು ಇಡೀ ವಯಸ್ಸು ಸವೆಸಿದವಳು. ಕೇಳಿದ್ದನ್ನೇ ಕೇಳುವವರಿಗೆ ಹೇಳಿದ್ದನ್ನೇ ಹೇಳುವುದು ಅವಳಿಗೆ ಅಭ್ಯಾಸ. ನಿನ್ನೆಯಿಂದ ಇದೊಂದೇ ಬಸ್ಸು ಹೊರಡಿಸುತ್ತಿದ್ದಳು.

*

ಆ ಮೀನಿನ ತೊಟ್ಟಿ ಕೆಲವು ವರ್ಷಗಳ ಹಿಂದೆ ಮನೆಗೆ ಬಂದದ್ದು ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಆ ಕಟ್ಟಡದ ಲಿಫ್ಟು ಕೆಟ್ಟಿದ್ದ ದಿನವೇ ಡಾಕ್ಟರು ಕ್ಲಿನಿಕ್ ಖಾಲಿ ಮಾಡುತ್ತಿದ್ದರಂತೆ. ತೊಟ್ಟಿಯನ್ನು ಮೆಟ್ಟಿಲ ಕೆಳಗೆ ಇಟ್ಟು, ಮೀನುಗಳನ್ನು ಕಕ್ಕಸಿಗೆ ಸುರಿಯಲು ಹೊರಟಿದ್ದರಂತೆ.

ಬಾಗಿಲು ತೆರೆದಾಗ ಅವನ ಎರಡೂ ಕೈಯಲ್ಲಿ ಬಕೆಟ್ಟು. ಶರ್ಟಿನ ತುಂಬ ಗ್ರೀಸು, ಪ್ಯಾಂಟಿನ ತುಂಬ ನೀರು.

"ಇದೇನು?"

"ಮೀನು."

"ಅದು ಕಾಣ್ತಿದೆ. ಯಾಕೆ?"

"ಸುರಿದುಬಿಡ್ತಿದ್ರು," ಎಂದ.

"ನಮ್ಮನೆ ಸಿಂಕು ಸೋರ್ತಿದೆ. ಬಚ್ಚಲ ಬಾಗಿಲು ಮುಚ್ಚಲ್ಲ. ಊರಿನ ಲಿಫ್ಟೆಲ್ಲ ನೀವೇ ರಿಪೇರಿ ಮಾಡ್ತೀರ. ಈಗ ಇದೊಂದು ಬಾಕಿಯಿತ್ತು." ಅವಳು ದಾರಿ ಬಿಡಲಿಲ್ಲ. ಅವನೂ ಬಕೆಟ್ಟು ಕೆಳಗಿಡಲಿಲ್ಲ. ಕೊನೆಗೆ ಅವನ ತೋಳು ನಡುಗುವುದು ಕಂಡು, "ನಾನು ಇದರ ತಂಟೆಗೆ ಬರೋಳಲ್ಲ, ಈಗಲೇ ಹೇಳಿದ್ದೀನಿ," ಎಂದು ಪಕ್ಕಕ್ಕೆ ಸರಿದಳು.

*

ಅವನ ಜೊತೆ ಕೆಲಸ ಮಾಡುತ್ತಿದ್ದವನನ್ನು ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುತ್ತಿದ್ದರು. ಅವನು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದು, ಹೆಣದ ಬಳಿ ಕೂತಿದ್ದ ಅವಳ ಮುಂದೆ ನಿಲ್ಲಿಸಿದ. "ಅತ್ತಿಗೆ, ಇವರು ಲೈಬ್ರರಿಯಲ್ಲಿ ಕೆಲಸ ಮಾಡೋರು. ಅಣ್ಣ ಇವರನ್ನ ಒಂದ್ಸಲ ಲಿಫ್ಟಿಂದ ತೆಗೆದಿದ್ದ."

ಲೈಬ್ರರಿಯ ಹೆಂಗಸು ಅವಳ ಪಕ್ಕದಲ್ಲಿ ಕೂತಳು. "ಕರೆಂಟ್ ಹೋಗಿ ಕತ್ತಲೆಯೊಳಗೆ ಸಿಕ್ಕಿಹಾಕ್ಕೊಂಡಿದ್ದೆ. ನನಗೆ ಉಸಿರೇ ಹೋದ ಹಾಗಾಗಿತ್ತು. ಇವರು ಬಾಗಿಲ ಆಚೆಯಿಂದ ಒಂದೇ ಸಮ ಮಾತಾಡ್ತಿದ್ರು."

"ಇವರು? ಮಾತಾಡ್ತಿದ್ರಾ?" ಮನೆಯಲ್ಲಿ ಅವನ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಹಾರೆ ಹಾಕಿ ಮೀಟಬೇಕಿತ್ತು.

"ಮೀನಿನ ವಿಷಯ. ಹುಳದ ಗಡ್ಡೆಯನ್ನ ಹೇಗೆ ಕರಗಿಸಬೇಕು, ಹೇಗೆ ಸೋಸಬೇಕು, ಎಲ್ಲಾ. ನಮ್ಮನೆಯವಳಿಗೆ ಮೀನಂದ್ರೆ ಪ್ರಾಣ ಅಂದ್ರು. ಅವಳು ಇಲ್ಲದಿದ್ದರೆ ಅವು ಯಾವತ್ತೋ ಸತ್ತುಹೋಗ್ತಿದ್ದವು ಅಂದ್ರು. ನನಗೆ ನಿಮ್ಮನ್ನ ನೋಡ್ಬೇಕು ಅಂತ ಆಗಿನಿಂದ್ಲೂ ಇತ್ತು."

ಅವಳು ಸ್ಪ್ಯಾನರ್‌ನ ಮುಖ ನೋಡಿದಳು.

"ಸಿಕ್ಕಿಹಾಕ್ಕೊಂಡೋರಿಗೆಲ್ಲ ಅದನ್ನೇ ಹೇಳೋನು ಅತ್ತಿಗೆ," ಎಂದ ಅವನು ತಲೆ ಕೆರೆದುಕೊಳ್ಳುತ್ತ. "ನಮಗೆ ಕೇಳಿ ಕೇಳಿ ಬಾಯಿಪಾಠ."

"ಸುಳ್ಳು. ಶುದ್ಧ ಸುಳ್ಳು," ಎಂದಳು ಅವಳು. "ನಾನು ಆ ತೊಟ್ಟಿ ಮುಟ್ಟಿದೋಳೇ ಅಲ್ಲ." ಊರಿನ ಅರ್ಧ ಜನ ತನ್ನನ್ನು ಮೀನಿನ ಹುಚ್ಚಿ ಎಂದುಕೊಂಡಿದ್ದಾರೆ. ಜಗಳವಾಡೋಣವೆಂದರೆ ಆಸಾಮಿ ಕಣ್ಣು ಮುಚ್ಚಿ ಮಲಗಿದ್ದಾನೆ.

*

ಮುಟ್ಟಿದವಳಲ್ಲ ಎಂಬುದು ಹೋದ ವರ್ಷದವರೆಗೆ ನಿಜವಾಗಿತ್ತು.

ಹೋದ ವರ್ಷ ಅವನ ಕೈ ನಡುಗತೊಡಗಿತು. ಕಂಪನಿಯವರು ಕೆಲಸದ ಚೀಲ ವಾಪಸು ತೆಗೆದುಕೊಂಡು, ಫೋನ್ ಎತ್ತುವ ಕೆಲಸಕ್ಕೆ ಕೂರಿಸಿದರು. ಒಂದು ಸಂಜೆ ಅವಳು ಕೌಂಟರಿನಿಂದ ಗಂಟಲು ಕಟ್ಟಿಸಿಕೊಂಡು ಬಂದಾಗ, ಅವನು ತೊಟ್ಟಿಯ ಮುಂದೆ ನಿಂತು ಚಿಮುಟದಲ್ಲಿ ಹುಳ ಹಿಡಿಯಲು ಹೆಣಗುತ್ತಿದ್ದ. ಮ್ಯಾನೇಜರಿಗೆ ಒಂದು ಕಣ್ಣು ಹೋಗಿತ್ತು. ಮೂತಿಯ ಹತ್ತಿರವೇ ಹಿಡಿಯದಿದ್ದರೆ ಅದಕ್ಕೆ ಸಿಗುತ್ತಿರಲಿಲ್ಲ. ಚಿಮುಟ ಗಾಜಿಗೆ ಬಡಿದು ಟಿಕಟಿಕ ಸದ್ದು ಮಾಡುತ್ತಿತ್ತು. ಹುಳಗಳೆಲ್ಲ ನೆಲದ ಮೇಲೆ.

"ಕೊಡಿ ಇಲ್ಲಿ. ಆ ಸದ್ದಿಗೆ ತಲೆ ಸಿಡೀತಿದೆ," ಎಂದು ಅವಳು ಚಿಮುಟ ಕಿತ್ತುಕೊಂಡಳು.

ಅವನು ಹಿಂದೆ ನಿಂತ. "ಮೊದ್ಲು ಕರಗಿಸ್ಬೇಕು. ಗಡ್ಡೆ ಹಾಗೇ ನುಂಗಿದ್ರೆ ಹೊಟ್ಟೆ ಕೆಡುತ್ತೆ. ಆಮೇಲೆ ಸೋಸು. ಆ ಕೆಂಪುನೀರು ಒಳಗೆ ಹೋಗ್ಬಾರ್ದು." ಮೀನು ಬಂದು ಹುಳವನ್ನು ಚಿಮುಟದಿಂದ ಕಿತ್ತುಕೊಂಡಾಗ ಅವಳ ಬೆರಳಿಗೆ ಸಣ್ಣದೊಂದು ಜಗ್ಗು ತಾಗಿತು. ಅವಳು ಅಸಹ್ಯ ಎಂದಳು. ಮರುದಿನ ಸಂಜೆಯೂ ಅಸಹ್ಯ ಎನ್ನುತ್ತಲೇ ಬಂದು ಚಿಮುಟ ತೆಗೆದುಕೊಂಡಳು. ಅವನು ದಿನವೂ ಸೋಸುವ ಜರಡಿ ಹಿಡಿದು ಹಿಂದೆ ನಿಲ್ಲುತ್ತಿದ್ದ.

*

ಕೆಳಗೆ ಗಾಡಿ ಬಂತು ಎಂದು ಅಣ್ಣ ಹೇಳಿದ. ಎಲ್ಲರೂ ಎದ್ದರು. ಅವಳು ಕೋಣೆಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಲೈಬ್ರರಿಯ ಹೆಂಗಸು, "ನೀರು ಹೀಗೇ ಕೆಂಪಗೆ ಇರುತ್ತಾ?" ಎಂದು ಕೇಳುತ್ತಿದ್ದಳು.

ತೊಟ್ಟಿಯಲ್ಲಿ ಕೆಂಪು ಗಡ್ಡೆಗಳು ತೇಲುತ್ತಿದ್ದವು. ಒಂದಲ್ಲ, ಎರಡಲ್ಲ, ಇಡೀ ತಟ್ಟೆ. ಅಂಚು ಕರಗಿ ರಕ್ತದಂಥ ನೀರು ಎಳೆಎಳೆಯಾಗಿ ಇಳಿಯುತ್ತಿತ್ತು. ಒಕ್ಕಣ್ಣಿನ ಮ್ಯಾನೇಜರ್ ವಾಸನೆ ಹಿಡಿದು ಬಂದು, ಒಂದು ಗಡ್ಡೆಯನ್ನು ನುಂಗಲಾರದೆ ಉಗುಳಲಾರದೆ ಬಾಯಲ್ಲಿ ಸಿಕ್ಕಿಸಿಕೊಂಡು ಓರೆಯಾಗಿ ಸುತ್ತುತ್ತಿತ್ತು.

ದೊಡ್ಡಕ್ಕ ಖಾಲಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. "ನಿನ್ನೆಯಿಂದ ಯಾರೂ ಏನೂ ಹಾಕಿಲ್ಲ ಅನ್ನಿಸ್ತು. ಅವನು ಹೋಗೋ ಹೊತ್ತಿಗೆ ಅವು ಹಸಿದಿರಬಾರದು ಅಂತ..."

"ಕರಗಿಸಿ ಹಾಕ್ಬೇಕು ಅಕ್ಕ. ಕರಗಿಸಿ, ಸೋಸಿ ಹಾಕ್ಬೇಕು. ಅಷ್ಟೂ ಗೊತ್ತಾಗಲ್ವಾ?" ಕೌಂಟರಿನ ಗಾಜು ದಾಟಿ ಬಸ್ ನಿಲ್ದಾಣದ ಆ ತುದಿ ಮುಟ್ಟುತ್ತಿದ್ದ ದನಿ ಅದು. ಅವಳು ರವಿಕೆಯ ತೋಳು ಮೇಲೇರಿಸದೆಯೇ ಕೈಯನ್ನು ತೊಟ್ಟಿಯೊಳಗೆ ಇಳಿಸಿ ಮೀನನ್ನು ಮೂಲೆಗೆ ಒತ್ತಿ ಹಿಡಿದಳು. ಹೆಬ್ಬೆರಳಿನಿಂದ ಅದರ ಬಾಯಿಯ ಗಡ್ಡೆಯನ್ನು ಹೊರಗೆ ತಳ್ಳಿದಳು. "ಜರಡಿ ಕೊಡಿ ಯಾರಾದ್ರೂ. ಅಲ್ಲಲ್ಲ, ಟೀ ಜರಡಿಯಲ್ಲ, ಹಸಿರುದು. ಅಣ್ಣಾ, ಬಾಲ್ಕನಿ ಡ್ರಮ್ಮಿಂದ ನೀರು ತಾ. ನಲ್ಲಿ ನೀರು ಮುಟ್ಟಬೇಡ."

ಗಾಡಿಯ ಡ್ರೈವರ್ ಬಾಗಿಲಲ್ಲಿ ಇಣುಕಿದ. "ಅಮ್ಮಾ, ಹೊರಡೋಣ್ವಾ? ನನಗೆ ಇನ್ನೊಂದು ಕಡೆ ಹೋಗೋದಿದೆ."

"ಕೂತ್ಕೊಳ್ಳಿ. ಗಾಡಿ ಲೇಟು."

"ಎಷ್ಟು ಲೇಟು?"

"ಹೊರಡೋವಾಗ ಹೇಳ್ತೀನಿ."

ಸ್ಪ್ಯಾನರ್ ಬಕೆಟ್ಟು ಹಿಡಿದ. ಅವಳು ತೊಟ್ಟಿಗೆ ಇಳಿಬಿಟ್ಟ ರಬ್ಬರ್ ಕೊಳವೆಯ ಇನ್ನೊಂದು ತುದಿ ಬಾಯಲ್ಲಿಟ್ಟು ಎಳೆದಳು. ಕೆಂಪುನೀರು ಗಂಟಲಿಗೇ ಬಂತು. ಉಗುಳಿ, ತುಟಿ ಒರೆಸಿಕೊಂಡು, ಮಲಗಿದ್ದವನ ಕಡೆ ತಿರುಗಿದಳು. "ನೋಡಿ, ನಿಮ್ಮಿಂದ ಇವತ್ತು ಇದನ್ನೂ ಕುಡಿದಿದ್ದಾಯ್ತು. ಇನ್ನೇನಾದ್ರೂ ಬಾಕಿಯಿದ್ರೆ ಹೇಳಿಬಿಡಿ." ಅಣ್ಣ ನಗಲಿಲ್ಲ. ನೀರು ತುಂಬಿದ ಕೊಡ ಹಿಡಿದು ಅವಳ ಹಿಂದೆ ನಿಂತ.

ನೀರು ಇಳಿಯಿತು, ಹೊಸ ನೀರು ಏರಿತು. ಮ್ಯಾನೇಜರ್ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಕಿವಿರು ಆಡುತ್ತಿತ್ತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹೆಣ ಎತ್ತಲು ಬಂದವರೂ ಬಗ್ಗಿ ಗಾಜಿನೊಳಗೇ ನೋಡುತ್ತ ನಿಂತರು. ಆಮೇಲೆ ಅದು ಒಮ್ಮೆ ಮೈ ಕೊಡವಿ, ನೆಟ್ಟಗಾಗಿ, ಏನೂ ಆಗೇ ಇಲ್ಲವೆಂಬಂತೆ ಗಾಜಿನ ಹತ್ತಿರ ಬಂದು ಬಾಯಿ ತೆರೆಯಿತು.

"ಥೂ, ನಾಚಿಕೆಯಿಲ್ಲದ್ದು," ಎಂದಳು ಅವಳು. "ಎತ್ತಿ, ಹೊರಡೋಣ."

ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ಸ್ಮಶಾನದಲ್ಲಿ ಎಲ್ಲ ಮುಗಿದ ಮೇಲೆ ಅವಳು ಗೇಟಿನ ಬಳಿ ನಿಂತಳು. ಬಂದವರು ಒಬ್ಬೊಬ್ಬರಾಗಿ ಅವಳ ಕೈ ಹಿಡಿದು ಒತ್ತಿ, ಎರಡು ಮಾತಾಡಿ ಮುಂದೆ ಹೋದರು. ನಾಲ್ಕು ಹೆಜ್ಜೆ ಹೋದವರು ಯಾಕೋ ತಡೆದು, ಮೀನಿನ ವಾಸನೆ ಹತ್ತಿದ ಅಂಗೈಯನ್ನು ಮೂಗಿನ ಹತ್ತಿರ ತಂದು, ಕರವಸ್ತ್ರ ಹುಡುಕುತ್ತಿದ್ದರು. ಲೈಬ್ರರಿಯ ಹೆಂಗಸು ಮಾತ್ರ ಒರೆಸಿಕೊಳ್ಳಲಿಲ್ಲ. ಕೊನೆಗೆ ದೊಡ್ಡಕ್ಕ ಬಂದರು. ಅವಳ ಎರಡೂ ಕೈ ಎತ್ತಿ ತಮ್ಮ ಮುಖಕ್ಕೆ ಒತ್ತಿಕೊಂಡು, ತಮ್ಮನ ಮನೆಗೆ ಬಂದಾಗಿನಿಂದ ಬಾರದಿದ್ದ ಅಳುವನ್ನು ಆ ಅಂಗೈಗಳೊಳಗೆ ಅಳತೊಡಗಿದರು. ಕಣ್ಣೀರು ಅವಳ ಇನ್ನೂ ಆರದ ತೋಳಿನಗುಂಟ ಮೊಣಕೈವರೆಗೆ ಇಳಿದು ಇಬ್ಬರ ಕಾಲ ಮೇಲೂ ತೊಟ್ಟಿಕ್ಕುತ್ತಿತ್ತು.