ಕೆಂಪು ಒತ್ತಿದವಳು

"ಏಯ್ ಏಳನೇ ಕ್ಲಾಸು! ಕಣ್ಣೇನು ಬಾಡಿಗೆಗೆ ಕೊಟ್ಟಿದೀಯಾ?"

ಮೇಲ್ವಿಚಾರಕನ ಮಾತಿಗೆ ಸಾಲಿನ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಅವಳು ತಲೆ ತಗ್ಗಿಸಿದಳು. ಜನ ಫೋನಿನಲ್ಲಿ ಬರೆದುಕೊಂಡದ್ದೆಲ್ಲ ಅವಳ ಪರದೆಗೆ ಬಂದು ಬೀಳುತ್ತಿತ್ತು. ಬರೆದವರು ಬೀದಿಗಿಳಿಯುತ್ತಾರೆ ಅನ್ನಿಸಿದರೆ ಕೆಂಪು ಒತ್ತಬೇಕು. ಬರೀ ಬಾಯಿಮಾತಾದರೆ ಹಸಿರು. ಅದನ್ನು ನೋಡಿ ಯಂತ್ರ ಕಲಿಯುತ್ತದಂತೆ. ಕೆಂಪು ಒತ್ತಿದ್ದು ಯಾರ ಕೈ ಸೇರುತ್ತದೆಂದು ಅವಳು ಕೇಳಿರಲಿಲ್ಲ.

"'ಬೋಳಿಮಕ್ಕಳಾ, ಬೆಂಕಿ ಹಚ್ತೀನಿ' ಅಂತ ಬರ್ದಿದಾನೆ. ಇದಕ್ಕೆ ಹಸಿರಾ?"

"ಇಂಥವರು ಬೀದಿಗೆ ಬರಲ್ಲ ಸರ್." ಬಾಯಿ ಜಾರಿತು. "ಬೈಯೋರು ಬೈದು ಮಲಗ್ತಾರೆ. ಹೊರಡೋರು ಬೈಯಲ್ಲ. 'ನಾಳೆ ಮಕ್ಕಳನ್ನ ಯಾರು ನೋಡ್ಕೊತೀರಿ' ಅಂತ ಕೇಳ್ತಾರೆ."

ನಗು ನಿಂತಿತು. ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. "ಇನ್ನೊಂದ್ಸಲ ಹೇಳಮ್ಮ."

ಅಮ್ಮ ಅಂದನಲ್ಲ! ಅವಳು ಉಬ್ಬಿಹೋದಳು. ಓಡಲು ಬರುವ ಚಪ್ಪಲಿ ಹಾಕಿಕೊಳ್ಳಿ ಅನ್ನುತ್ತಾರೆ ಎಂಬುದನ್ನೂ ಸೇರಿಸಿದಳು. ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಏಳನೇ ಕ್ಲಾಸಿಗೇ ಶಾಲೆ ಬಿಟ್ಟಂದಿನಿಂದ, ದೊಡ್ಡವರು ಮೆರವಣಿಗೆಗೆ ಹೊರಟಾಗಲೆಲ್ಲ ಓಣಿಯ ಮಕ್ಕಳನ್ನು ನೋಡಿಕೊಂಡವಳು ಅವಳೇ.

ವಾರ ಕಳೆದಿತ್ತು. ಅವಳ ಅಮ್ಮ ಮತ್ತು ಅಮ್ಮನ ಜೊತೆ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಓಣಿಯ ಹೆಂಗಸರು ಕೈಗವಸು ಕೇಳಲು ಮಾಲೀಕನ ಮನೆಗೆ ಮೆರವಣಿಗೆ ಹೊರಟಿದ್ದರು. ಬ್ಲೀಚಿಂಗ್ ನೀರಿಗೆ ಎಲ್ಲರ ಬೆರಳಸಂದೂ ಬೆಂದುಹೋಗಿತ್ತು. ಓಣಿ ದಾಟುವ ಮೊದಲೇ ಪೊಲೀಸ್ ವ್ಯಾನು ಅಡ್ಡ ನಿಂತಿತ್ತು.

"ಏನ್ರೇ ಮುಂಡೇವಾ, ಮಕ್ಕಳನ್ನ ಯಾರು ನೋಡ್ಕೊತಾರೆ?" ಪೊಲೀಸಿನವನು ಹಲ್ಲು ಕಿರಿದ.

ಎರಡು ಮಕ್ಕಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳು, ತಾನು ಮೇಲ್ವಿಚಾರಕನಿಗೆ ಹೇಳಿದ ಮಾತೇ ಪೊಲೀಸಿನವನ ಬಾಯಲ್ಲಿ ಕೇಳಿ, ಮಕ್ಕಳನ್ನು ಒಳಗೆಳೆದುಕೊಂಡಳು.

ಸಂಜೆ ಬಿಟ್ಟು ಕಳಿಸಿದರು. ಅಮ್ಮನ ಮಣಿಕಟ್ಟು ಊದಿತ್ತು.

"ನಮ್ಮೊಳಗಿನ ಯಾವಳೋ ಹಾದರಗಿತ್ತೀನೇ ಹೇಳಿರೋದು. ಯಾರಿರಬಹುದೇ? ನೀನು ಸುಮ್ನೆ ಕೂತು ಎಲ್ಲರನ್ನೂ ನೋಡ್ತಿರ್ತೀಯಲ್ಲ."

ಅವಳು ತಟ್ಟೆ ಬದಿಗೆ ಸರಿಸಿದಳು. ಗೊತ್ತಿಲ್ಲ ಎಂದು ತಲೆಯಾಡಿಸಿದಳು.

ಮರುದಿನ ಮೇಲ್ವಿಚಾರಕ ಅವಳ ಬೆನ್ನು ತಟ್ಟಿದ. "ಭೇಷ್ ಏಳನೇ ಕ್ಲಾಸು! ಯಂತ್ರ ಸರಿಯಾಗೇ ಹಿಡೀತು."

ಅವನು ಆಚೆ ಸರಿದದ್ದೇ ಅವಳು ಫೋನು ತೆಗೆದು ಓಣಿಯ ಗ್ರೂಪಿನಲ್ಲಿ ಬರೆದಳು: "ಯಂತ್ರಕ್ಕೆ ಹೇಳಿಕೊಟ್ಟವಳು ನಾನೇ. ನಾಳೆ ಮಕ್ಕಳನ್ನ ಯಾರು ನೋಡ್ಕೊತೀರಿ? ನಾನು ಲಾಂಡ್ರಿ ಗೇಟಿಗೆ ಬರ್ತೀನಿ."

ಒಬ್ಬೊಬ್ಬರಾಗಿ ಓದಿದರು. ಅಮ್ಮನೂ ಓದಿದಳು.

ಎದುರಿನ ಪರದೆಯಲ್ಲಿ ಅವಳು ಈಗಷ್ಟೇ ಬರೆದ ಮಾತೇ ಬಂದು ನಿಂತಿತು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಯಾರೂ ಒತ್ತದೆಯೇ ಅದು ಕೆಂಪಾಯಿತು.