ಹಳದಿ ಇಳಿಯುವವರೆಗೆ

ಸುದ್ದಗುಂಟೆಪಾಳ್ಯದ ಬಾಡಿಗೆ ಮನೆಯಲ್ಲಿ ತಂಗೆವ್ವ ಗಂಡನ ಬೆನ್ನಿಗೆ ಒದ್ದೆ ಬಟ್ಟೆ ಹಾಕಿ ಕೂತಿದ್ದಳು. ಮೌನೇಶನಿಗೆ ಕಾಮಾಲೆ ಹಿಡಿದು ಎರಡು ತಿಂಗಳಾಗುತ್ತ ಬಂದಿತ್ತು. ಜ್ವರ, ವಾಂತಿ ನಿಂತು ಊಟ ಸೇರುತ್ತಿತ್ತು. ಕಣ್ಣಿನ ಹಳದಿ ಮಾತ್ರ ದಿನದಿನಕ್ಕೂ ಗಾಢವಾಗುತ್ತಿತ್ತು. ಅದಕ್ಕಿಂತ ಕಷ್ಟ ತುರಿಕೆಯದು. ಅಂಗೈ, ಅಂಗಾಲಲ್ಲಿ ಶುರುವಾಗಿ ಮೈಯೆಲ್ಲ ಹಬ್ಬಿತ್ತು. ಕೆರೆದು ಕೆರೆದು ತೋಳಿನ ತುಂಬ ರಕ್ತದ ಗೆರೆಗಳೆದ್ದಿದ್ದವು. ಉಗುರು ಕತ್ತರಿಸಿದರೆ ಕೆರೆಯಲು ಬಾಚಣಿಗೆ ಹುಡುಕುತ್ತಿದ್ದ.

ಬಿಟಿಎಂನ ಒಂದು ಖಾನಾವಳಿಯಲ್ಲಿ ಅವನು ಅಡುಗೆಯವನು. ತನ್ನೂರಿನ ಗೆಳೆಯ ಹನಮಂತನನ್ನು ಕರೆತಂದು ಅಲ್ಲೇ ಕೆಲಸಕ್ಕೆ ಹಚ್ಚಿದವನೂ ಅವನೇ. ಅಲ್ಲಿನ ಕುಡಿಯುವ ನೀರಿನ ಸಂಪಿಗೆ ಚರಂಡಿ ನೀರು ಸೇರಿದ್ದು ತಿಳಿಯುವಷ್ಟರಲ್ಲಿ ಇಬ್ಬರಿಗೂ ಕಾಮಾಲೆ ಬಂದಿತ್ತು. ಇಬ್ಬರೂ ಆಸ್ಪತ್ರೆ ಸೇರಿದರು. ಹನಮಂತ ಕೆಲವೇ ದಿನಗಳಲ್ಲಿ ಏನೇನೋ ಬಡಬಡಿಸತೊಡಗಿದ, ಆಮೇಲೆ ಎಚ್ಚರ ತಪ್ಪಿ ತೀರಿಕೊಂಡ. ಪಕ್ಕದ ಮಂಚದಲ್ಲಿದ್ದದ್ದು ಮೌನೇಶ.

ಮನೆಯ ಓನರ್ ಅಂಜನಮ್ಮ ಮಜ್ಜಿಗೆ ಕೊಟ್ಟು ಬಾಗಿಲಲ್ಲೇ ನಿಂತರು. "ತಲಘಟ್ಟಪುರದ ಹತ್ರ ಒಬ್ರು ಸೊಪ್ಪು ಅರೆದು ಕೊಡ್ತಾರೆ ಕಣಮ್ಮ. ಕರ್ಕೊಂಡು ಹೋಗು."

"ಡಾಕ್ಟರು ಬ್ಯಾರೆ ಔಷಧ ಏನೂ ಬ್ಯಾಡ ಅಂದಾರ್ರಿ ಆಂಟಿ," ಎಂದಳು ತಂಗೆವ್ವ.

ಮರುದಿನ ಜಯನಗರದಲ್ಲಿ ಡಾಕ್ಟರ್ ಕಮಲಾದೇವಿ ರಿಪೋರ್ಟುಗಳನ್ನೆಲ್ಲ ನಿಧಾನವಾಗಿ ನೋಡಿದರು.

"ಲಿವರ್ ಸುಧಾರಿಸ್ತಾ ಇದೆ. ಪಿತ್ತ ಮಾತ್ರ ಹರೀತಿಲ್ಲ, ರಕ್ತದಲ್ಲೇ ಉಳೀತಿದೆ. ಸ್ಕ್ಯಾನಲ್ಲಿ ಕಲ್ಲಿಲ್ಲ, ಅಡ್ಡ ಏನೂ ಇಲ್ಲ. ಬೇರೆ ವೈರಸ್ ಇಲ್ಲ ಅಂತಾನೂ ನೋಡ್ಕೊಂಡಿದೀನಿ. ತುರಿಕೆ ಮಾತ್ರೆ ಯಾವ್ದೂ ಹಿಡೀಲಿಲ್ಲ. ಸ್ವಲ್ಪ ದಿನ ಸ್ಟೀರಾಯ್ಡ್ ಕೊಟ್ಟು ನೋಡೋಣ ಅಂತಿದೀನಿ."

"ಅದರಿಂದ ಆರಾಮ ಆಗತೈತೇನ್ರಿ?" ಎಂದಳು ತಂಗೆವ್ವ.

"ಗ್ಯಾರಂಟಿ ಹೇಳೋಕಾಗಲ್ಲಮ್ಮ. ಎಲ್ರಿಗೂ ಕೊಡೋ ಔಷಧಿ ಅಲ್ಲ ಇದು. ಕೆಲವರಿಗೆ ಬೇಗ ಇಳಿದಿದೆ. ಬೇರೆ ಸೋಂಕು ತಗುಲಬಹುದು, ಶುಗರ್ ಏರಬಹುದು. ಸುಮ್ನೆ ಕಾದ್ರೂ ಇಳಿಯತ್ತೆ. ಆದ್ರೆ ಇನ್ನೂ ಎಷ್ಟು ತಿಂಗಳೋ ಗೊತ್ತಿಲ್ಲ."

"ಬ್ಯಾಡ್ರಿ ಮೇಡಂ, ಕಾಯ್ತೀನಿ," ಎಂದು ಮೌನೇಶ ಎದ್ದುಬಿಟ್ಟ.

ಆಟೋದಲ್ಲಿ ತಂಗೆವ್ವ ಯಾಕೆಂದು ಕೇಳಿದಳು. ಅವನು ಹೊರಗೆ ನೋಡುತ್ತಲೇ ಹೇಳಿದ: "ಅಂವ ಜೀವಾನ ಬಿಟ್ಟ. ನಾ ಇಷ್ಟರ ತಡಕೋಬಾರದೇನು? ಅವನ್ನ ಕರಕೊಂಡು ಬಂದಾಂವ ನಾನ."

ಇಷ್ಟು ದಿನ ಅವನು ಕೆರೆದುಕೊಂಡದ್ದೆಲ್ಲ ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆಯಂತೆ ಅವಳಿಗೆ ಕಂಡಿತು. ಮನೆಗೆ ಬಂದವಳೇ ಹನಮಂತನ ತಾಯಿ ದಾನಮ್ಮನಿಗೆ ಫೋನ್ ಮಾಡಿದಳು. ಮಣ್ಣು ಮಾಡಿದ ಮೇಲೆ ಆಕೆಯ ಜೊತೆ ಮಾತಾಡುವ ಧೈರ್ಯ ಗಂಡಹೆಂಡಿರಿಬ್ಬರಿಗೂ ಬಂದಿರಲಿಲ್ಲ. ತಂಗೆವ್ವ ಎಲ್ಲವನ್ನೂ ಹೇಳಿ ಮುಗಿಸಿದಳು. "ಅವಗ ಕೊಡು," ಎಂದಳು ದಾನಮ್ಮ.

"ಮೌನೇಶಾ, ನಿನ್ನ ಮ್ಯಾಲೆ ನನಗ ಸಿಟ್ಟೈತಿ. ಇನ್ನೂ ಹೋಗಿಲ್ಲ. ಆದ್ರ ನನ್ನ ಮಗ ಕಡೀಕ ಏನಂದ, ಏನ್ ಕೇಳಿದ, ಅದು ನಿನಗೊಬ್ಬಗ ಗೊತ್ತು. ನನ್ನ ಮುಂದ ಕುಂತು ಹೇಳಬೇಕು ನೀ. ಗುಳಿಗಿ ನುಂಗು. ಎದ್ದು ಬಾ."

ಹನಮಂತ ಹೋದಾಗಿನಿಂದ ಅಳದಿದ್ದ ಮೌನೇಶ ಅಂದು ಗೋಡೆಗೆ ಮುಖ ಮಾಡಿ ಅತ್ತ.

ಮರುದಿನವೇ ಮತ್ತೆ ಡಾಕ್ಟರ ಬಳಿ ಹೋಗಿ ಅವನು ಮಾತ್ರೆ ಶುರುಮಾಡಿದ. ವಾರ ತುಂಬುವ ಮೊದಲೇ ಒಂದು ಮಧ್ಯಾಹ್ನ ತಂಗೆವ್ವ ಕೆಲಸ ಮುಗಿಸಿ ಬಂದಾಗ ಅವನು ಕೈಗಳನ್ನು ಚೆಲ್ಲಿ ಅಲುಗದೆ ಮಲಗಿದ್ದ. ಮೂಗಿನ ಹತ್ತಿರ ಬೆರಳು ಹಿಡಿದಳು. ಬಿಸಿ ಉಸಿರು ತಾಕಿತು. ನಿದ್ದೆ, ತುರಿಕೆಯಿಲ್ಲದ ಬರೀ ನಿದ್ದೆ. ಸದ್ದು ಮಾಡದೆ ಅಲ್ಲೇ ಕೂತಳು.

ರಕ್ತಪರೀಕ್ಷೆಯಲ್ಲಿ ಪಿತ್ತ ಅರ್ಧಕ್ಕರ್ಧ ಇಳಿದಿತ್ತು. "ಔಷಧಿಯಿಂದಾನೋ, ಇಳಿಯೋ ಕಾಲ ಬಂದಿತ್ತೋ, ನಾನೂ ಖಂಡಿತವಾಗಿ ಹೇಳಲ್ಲ," ಎಂದರು ಡಾಕ್ಟರ್. "ಒಂದೇ ಸಲಕ್ಕೆ ನಿಲ್ಲಿಸಬೇಡಿ. ಮೆಲ್ಲಗೆ ಕಮ್ಮಿ ಮಾಡೋಣ."

ಮಾತ್ರೆ ಮುಗಿದು ಕಣ್ಣು ತಿಳಿಯಾದ ಮೇಲೆ ಇಬ್ಬರೂ ಊರಿನ ಬಸ್ಸು ಹತ್ತಿದರು. ದಾನಮ್ಮ ಕೈಕಾಲಿಗೆ ನೀರು ಕೊಟ್ಟಳು, ಮೌನೇಶನನ್ನು ಪಡಸಾಲೆಯಲ್ಲಿ ಎದುರಿಗೆ ಕೂರಿಸಿಕೊಂಡಳು. ತಂಗೆವ್ವ ಕಂಬದ ಬಳಿ ನಿಂತಳು.

"'ಅವ್ವಗ ಈಗ ಹೇಳಬ್ಯಾಡ, ಗಾಬರಿ ಆಗ್ತಾಳ' ಅಂದಾ," ಎಂದ ಮೌನೇಶ.

ದಾನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮತ್ತ?" ಎಂದಳು. "ಇನ್ನೇನಂದ?"