ಅಮಾಸಿ ದಿನದ ಭೇಟಿ

ಫೋನಿನಲ್ಲಿ ಹೂಂ ಅಂದವನು ಮನೋಹರ. ಸೋಮವಾರ ಬೆಳಿಗ್ಗೆ ನಮ್ಮ ಅಧಿಕಾರಿ ನಿಮ್ಮ ಬಾಲವಾಡಿ ನೋಡಲು ಬರುತ್ತಾರೆ, ಆದೀತೇ ಎಂದು ಪ್ರತಿಷ್ಠಾನದವರು ಕೇಳಿದರು. ಅವನು ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣೂ ಹಾಯಿಸದೆ ಆದೀತು ಎಂದ. ಬಾಲವಾಡಿ ನಡೆಸುವ ಭಾಗ್ಯಾ ಬಂದು ನೋಡಿದಾಗ ಆ ಚೌಕದಲ್ಲಿ ಕರಿ ಬೊಟ್ಟು ಕೂತಿತ್ತು. ಅಮಾವಾಸ್ಯೆ. ಅದೂ ಸೋಮವಾರದ ಅಮಾವಾಸ್ಯೆ.

ಸಂಸ್ಥೆಯ ಲೆಕ್ಕ ನೋಡುವ ಮನೋಹರನಿಗೆ ಅದರಿಂದೇನು ಎಂಬುದು ತಲೆಗೆ ಹೋಗಲಿಲ್ಲ. ಭಾಗ್ಯಾಳೇ ಬಿಡಿಸಿ ಹೇಳಬೇಕಾಯಿತು. ಯಾದಗಿರಿ ಕಡೆಯಿಂದ ಬಂದ ಕೂಲಿಯವರು ಅಮಾವಾಸ್ಯೆಯ ದಿನ ಕಟ್ಟಡ ಹತ್ತುವುದಿಲ್ಲ. ಅವರಿಂದ ಕೆಲಸ ಮಾಡಿಸುವ ಮುಕಾದಮ ಬೈದು ಬೈದು ಸೋತು ತಿಂಗಳ ಸೂಟಿಯನ್ನೇ ಆ ದಿನಕ್ಕೆ ಗೊತ್ತುಮಾಡಿದ್ದ. ತಾಯಂದಿರಿಗೆ ಕೆಲಸವಿಲ್ಲವೆಂದರೆ ಬಾಲವಾಡಿಗೆ ಮಕ್ಕಳೂ ಇಲ್ಲ.

ಪುಣೆಯ ವಿಮಾನ ನಗರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟೊಂದರ ಬುಡದಲ್ಲಿ ತಗಡಿನ ಕೋಣೆ, ಅದೇ ಬಾಲವಾಡಿ. ತಾಯಂದಿರು ಮೇಲೆ ಮರಳು ಹೊರುವಾಗ ಕೂಸುಗಳು ಕೆಳಗೆ ಗಂಜಿ ಕುಡಿಯುತ್ತಿದ್ದವು, ಮಲಗುತ್ತಿದ್ದವು, ಒಂದನ್ನೊಂದು ಕಚ್ಚುತ್ತಿದ್ದವು. ಇಷ್ಟು ದಿನ ಖರ್ಚು ಕೊಟ್ಟ ವಿದೇಶಿ ಸಂಸ್ಥೆ ಈ ವರ್ಷ, ಅಂದರೆ 2004ರಲ್ಲಿ, ಕೈ ಎತ್ತಿತ್ತು. ಏಪ್ರಿಲ್ ಮುಗಿದರೆ ಹಾಲಿಗೂ ಗತಿಯಿಲ್ಲ, ಆಯಾ ಪಾರವ್ವನ ಪಗಾರಕ್ಕೂ ಗತಿಯಿಲ್ಲ. ಪುಣೆಯ ಉಳ್ಳವರು ಸೇರಿ ಕಟ್ಟಿದ ಸಮುದಾಯ ಪ್ರತಿಷ್ಠಾನ ಊರಿನ ಸಣ್ಣ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆಂದು ಕೇಳಿ ಭಾಗ್ಯಾ ಅರ್ಜಿ ಹಾಕಿದ್ದಳು. ತಾಯಂದಿರು ಕೆಲಸದಲ್ಲಿರುವಾಗ ಮಕ್ಕಳು ಇಲ್ಲಿ ಸುರಕ್ಷಿತ ಎಂದು ಬರೆದವಳು ಅವಳೇ. ಅದನ್ನು ಕಣ್ಣಾರೆ ನೋಡುವವರು ಈಗ ತಾಯಂದಿರು ಮನೆಯಲ್ಲಿರುವ ದಿನವೇ ಬರುತ್ತಿದ್ದರು.

ಅವಳು ಫೋನ್ ಮಾಡಿ ಬೇರೆ ದಿನ ಕೇಳಿದಳು. ಆಗುವುದಿಲ್ಲ, ಉಳಿದ ದಿನ ಮೇಡಂ ಸಾಸವಡ, ಭೋಸರಿ ತಿರುಗಬೇಕು, ಶುಕ್ರವಾರ ಸಮಿತಿ ಕೂಡುತ್ತದೆ ಎಂದರು. ಯಾಕೆ ಬೇರೆ ದಿನ ಎಂದೂ ಕೇಳಿದರು. ಅಮಾವಾಸ್ಯೆ ಎನ್ನಲು ಭಾಗ್ಯಾಳಿಗೆ ನಾಲಿಗೆ ಏಳಲಿಲ್ಲ. ಇಂಥ ಮೂಢರ ಜೊತೆ ಕೆಲಸ ಮಾಡುವವಳು ತಾನೂ ಅಂಥವಳೇ ಎಂದುಕೊಂಡಾರು ಎನಿಸಿತು. ಏನಿಲ್ಲ ಬಿಡಿ, ಸೋಮವಾರವೇ ಬನ್ನಿ ಎಂದು ಫೋನ್ ಇಟ್ಟಳು.

ಭಾನುವಾರ ಸಂಜೆ ಕೂಲಿಯವರ ತಗಡಿನ ಶೆಡ್ಡುಗಳ ಕಡೆ ನಡೆದಳು. ಮಕ್ಕಳನ್ನು ನಾಳೆ ಕರೆತರಲು ಹೆಂಗಸರು ಖುಷಿಯಿಂದಲೇ ಒಪ್ಪಿದರು. ಒಂದು ಗಳಿಗೆ ನಾಲ್ಕು ಜನ ಮೇಲೆ ಹತ್ತಿ ಬುಟ್ಟಿ ಹೊತ್ತಂತೆ ಮಾಡಿದರೆ ಸಾಕು ಎಂದಾಗ ಯಾರೂ ಒಪ್ಪಲಿಲ್ಲ. ಹಿರಿಯಳಾದ ಮರೆಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು:

"ಅಮಾಸಿ ದಿನ ಹತ್ತೂದು ಅಷ್ಟು ಚಂದ ಇದ್ರ ನಿಮ್ಮ ಆ ದೊಡ್ಡ ಮೇಡಂಗೇ ಬುಟ್ಟಿ ಹೊರಸ್ರಿ ಅಕ್ಕೋರ. ನಾವು ಕೆಳಗ ಕುಂತು ನೋಡ್ತೀವಿ."

ಎಲ್ಲರೂ ನಕ್ಕರು. ಭಾಗ್ಯಾಳೂ ನಗಬೇಕಾಯಿತು.

ವಾಪಸು ಹೊರಟವಳ ಕಾಲು ನಳದ ಹತ್ತಿರ ತಾನಾಗಿಯೇ ನಿಧಾನವಾಯಿತು. ತಿಪ್ಪವ್ವ ಕೊಡ ತುಂಬುತ್ತಿದ್ದಳು. ಅವಳ ಗಂಡ ತಾಯಪ್ಪ ಶೆಡ್ಡಿನಲ್ಲಿ ಅಂಬೇಡ್ಕರರ ಫೋಟೊ ಹಾಕಿದವನು, ಮಗನಿಗೆ ಜೈಭೀಮ ಎಂದು ಹೆಸರಿಟ್ಟವನು, ದೇವರು ದೆವ್ವ ಅಂದರೆ ಜಗಳಕ್ಕೆ ನಿಲ್ಲುವವನು. ಭಾಗ್ಯಾ ಅದನ್ನೆಲ್ಲ ನೆನಪಿಟ್ಟೇ ಬಂದಿದ್ದಳು. ನಿಮ್ಮ ಮನೆಯಲ್ಲಂತೂ ಅಮಾಸಿ ಗಿಮಾಸಿ ಇಲ್ಲವಲ್ಲ ಎಂದು ಹಗುರಾಗಿ ಶುರುಮಾಡಿ, ಹೇಳಬೇಕಾದ್ದನ್ನು ಹೇಳಿ ಮುಗಿಸಿದಳು.

ಕೊಡ ತುಂಬಿ ಹರಿಯಿತು. ತಿಪ್ಪವ್ವ ನಳ ತಿರುಗಿಸಿ ನಿಲ್ಲಿಸಿದಳು.

"ನನ್ನ ಗಂಡ ನಂಬಂಗಿಲ್ಲ, ಖರೆ ಅದ. ನಾ ನಂಬ್ತೀನೋ ಇಲ್ಲೋ, ಅವನೂ ಕೇಳಿಲ್ಲ, ನೀವೂ ಕೇಳಲಿಲ್ಲ."

ಭಾಗ್ಯಾ ಆಗಲಾದರೂ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು.

"ಹತ್ತತೀನಿ ತಗೋರಿ," ಎಂದು ತಿಪ್ಪವ್ವ ಕೊಡ ಎತ್ತಿಕೊಂಡಳು. "ಸಾಲಿ ಬಂದ್ ಆದ್ರ ನನ್ನ ಕೂಸೂ ಅದರಾಗ ಬಂತಲ್ಲ."

ಮರುದಿನ ಬೆಳಿಗ್ಗೆ ಭಾಗ್ಯಾ ಗೇಟಿಗೂ ಕೋಣೆಗೂ ನಡುವೆ ಎಷ್ಟು ಸಲ ಓಡಾಡಿದಳೋ. ಮಕ್ಕಳು ಬಂದವು, ಹಿಂದೆಯೇ ತಾಯಂದಿರೂ ಬಂದರು. ಎಣ್ಣೆ ಹಚ್ಚಿ ತಲೆ ಬಾಚಿ, ಪೆಟ್ಟಿಗೆಯ ಸೀರೆ ಉಟ್ಟು, ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗುಂಟ ಕೂತುಬಿಟ್ಟರು. ಭಾಗ್ಯಾ ಹೊರಗೆ ಹೋಗಿರೆಂದು ಬೇಡಿದಳು, ಗದರಿಸಿದಳು. ಅಮಾಸಿ ದಿನ ಕೂಸು ಬಿಟ್ಟು ಎಲ್ಲಿಗೆ ಹೋಗೂದು ಎಂದು ಕೇಳಿ ಅವರು ಅಲ್ಲಾಡಲಿಲ್ಲ. ದುಡಿಯುವ ತಾಯಂದಿರ ಮಕ್ಕಳಿಗೆಂದು ಇರುವ ಕೋಣೆ ತಾಯಂದಿರಿಂದಲೇ ತುಂಬಿ, ಒಳಗೆ ಕಾಲಿಡಲು ಜಾಗವಿರಲಿಲ್ಲ.

ಅಷ್ಟರಲ್ಲಿ ಕಾರು ಬಂತು. ಇಳಿದವಳು ತ್ರಿವೇಣಿ ಮೇಡಂ; ನಲವತ್ತು ದಾಟಿದ, ಬೇಗ ನಡೆಯುವ ಹೆಂಗಸು. ಬಾಗಿಲಲ್ಲಿ ನಿಂತು ಒಳಗೊಮ್ಮೆ ನೋಡಿ, ಇವರಲ್ಲಿ ಆಯಾ ಯಾರು ಎಂದು ಮರಾಠಿಯಲ್ಲಿ ಕೇಳಿದಳು. ಮೂಲೆಯಲ್ಲಿ ಕೆಲಸವಿಲ್ಲದೆ ನಿಂತಿದ್ದ ಪಾರವ್ವ ಕೈ ಎತ್ತಿದಳು. ಭಾಗ್ಯಾ ತಡಬಡಾಯಿಸಿ, ಇವತ್ತು ಕೆಲವರು ನಿಮ್ಮನ್ನು ನೋಡಲೆಂದು ಇಳಿದು ಬಂದಿದ್ದಾರೆ, ಮೇಲೆ ಕೆಲಸ ನಡೆದೇ ಇದೆ ಎಂದು ಕೈ ತೋರಿಸಿದಳು. ಎರಡನೇ ಸ್ಲ್ಯಾಬಿನ ಅಂಚಿನಲ್ಲಿ ತಿಪ್ಪವ್ವ ಒಬ್ಬಳೇ ಬುಟ್ಟಿ ಹೊತ್ತು ಅತ್ತಿಂದಿತ್ತ ನಡೆಯುತ್ತಿದ್ದಳು. ಮಿಕ್ಸರಿನ ಸದ್ದಿಲ್ಲ, ಗಂಡಸರ ಸದ್ದಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಬುಟ್ಟಿ.

ಭಾಗ್ಯಾಳ ಕೈ ಹೋದ ಕಡೆ ಜೈಭೀಮನೂ ನೋಡಿದ. ಮೂರು ತುಂಬದ ಹುಡುಗ. ದಿನಾ ತಾಯಿ ಮೇಲೆ ಹೋದರೆ ಚಕಾರ ಎತ್ತದವನು. ಆದರೆ ಮಿಕ್ಸರು ತಿರುಗದ ದಿನ ಅವ್ವ ತನ್ನವಳು ಎಂಬುದು ಅವನಿಗೆ ಗೊತ್ತಿತ್ತು. ಎಲ್ಲರ ಅವ್ವಂದಿರೂ ಕೆಳಗಿದ್ದು ತನ್ನವಳಷ್ಟೇ ಮೇಲಿದ್ದಾಳೆಂದು ಕಂಡದ್ದೇ ಹೊರಳಾಡಿ ಅಳತೊಡಗಿದ. ಪಾರವ್ವ ಎತ್ತಿಕೊಂಡರೆ ಕಚ್ಚಿದ. ಕೊಸರಿಕೊಂಡು ಪಕ್ಕಕ್ಕೆ ಕಂಬಿಯಿಲ್ಲದ ಮೆಟ್ಟಿಲಿನ ಕಡೆ ಓಡಿದ. ಮರೆಮ್ಮ ಎದ್ದುಹೋಗಿ ಅಂಗಿ ಹಿಡಿದು ಎಳೆದಳು. ತ್ರಿವೇಣಿ ಮೇಡಂ ಕಿಸೆಯ ಪೆನ್ನು ತೆಗೆದು ಏನೋ ಬರೆದುಕೊಂಡಳು.

ಭಾಗ್ಯಾ ಇಳಿದು ಬಾ ಎಂದು ಕೂಗಿದಳು. ತಿಪ್ಪವ್ವ ಬುಟ್ಟಿ ಇಳಿಸದೆ ಅಂಚಿಗೆ ಬಂದು ಬಗ್ಗಿ ಕೇಳಿದಳು:

"ಅವ್ರು ನೋಡಿದ್ರೇನ್ರಿ ಅಕ್ಕೋರ? ಇನ್ನೂ ತಿರಗಾಡಬೇಕೋ?"

ಏನಂದಳು ಎಂದು ಮೇಡಂ ಭಾಗ್ಯಾಳ ಕಡೆ ತಿರುಗಿದಳು.

ಭಾಗ್ಯಾಳ ಬಾಯಲ್ಲಿ ಸುಳ್ಳು ಸಿದ್ಧವಾಗಿಯೇ ಇತ್ತು. ಊಟಕ್ಕೆ ಇಳಿಯಲೇ ಎಂದು ಕೇಳುತ್ತಿದ್ದಾಳೆ ಎಂದರೆ ಮುಗಿಯಿತು. ಹಿಂದೆ ಗೋಡೆಗುಂಟ ಕೂತ ಹೆಂಗಸರು ಇವಳನ್ನೇ ನೋಡುತ್ತಿದ್ದರು. ಅವರೆಲ್ಲರಿಗೂ ಸಂತೆಗೆ ಸಾಲುವಷ್ಟು ಮರಾಠಿ ಬರುತ್ತಿತ್ತು. ಒಬ್ಬರೂ ಇವಳನ್ನು ಹಿಡಿದುಕೊಡುತ್ತಿರಲಿಲ್ಲ, ಆದರೆ ಎಲ್ಲರೂ ಕೇಳುತ್ತಿದ್ದರು. ಭಾಗ್ಯಾ ತಿಪ್ಪವ್ವ ಅಂದದ್ದನ್ನು ಅಂದಹಾಗೆಯೇ ಮರಾಠಿಯಲ್ಲಿ ಹೇಳಿದಳು. ಇವತ್ತು ಸೂಟಿ, ಅವಳನ್ನು ಹತ್ತಿಸಿದವಳು ನಾನು ಎಂಬುದನ್ನೂ ಸೇರಿಸಿದಳು.

ಮೇಡಂ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಫೋನಿನಲ್ಲಿ ಸೂಟಿ ಎಂದು ಯಾಕೆ ಹೇಳಲಿಲ್ಲ, ಸಮಿತಿಯನ್ನೇ ಒಂದು ವಾರ ತಡೆಯಲು ಕೇಳಬಹುದಿತ್ತಲ್ಲ ಎಂದಳು. ಬೇರೆ ದಿನ ಬಂದಿದ್ದರೆ ಏನು ಕಾಣುತ್ತಿತ್ತೋ ಅದನ್ನು ನಾನು ಬರೆಯಲಾರೆ, ಕಂಡದ್ದನ್ನೇ ಬರೆಯುತ್ತೇನೆ ಎಂದು ಹೇಳಿ ಮೇಡಂ ಕಾರು ಹತ್ತಿದಳು.

ಶುಕ್ರವಾರ ಸಂಜೆ ಉತ್ತರ ಬಂತು. ಈ ಸಲ ಇಲ್ಲ. ಆರು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಬಹುದು. ಆರು ತಿಂಗಳಿಗೆ ಈ ಕಟ್ಟಡ ಮುಗಿದು ಈ ಜನ ಯಾವ ಊರಿನಲ್ಲಿರುತ್ತಾರೋ ಎಂದು ಮನೋಹರ ಗೊಣಗಿದ. ಶನಿವಾರ ಬೆಳಿಗ್ಗೆ ಭಾಗ್ಯಾ ಬಾಲವಾಡಿಯ ಬಾಗಿಲಲ್ಲಿ ನಿಂತು, ಮಕ್ಕಳನ್ನು ಬಿಡಲು ಬಂದವರಿಗೆ ವಿಷಯ ಹೇಳಿದಳು. ಒಂದನೇ ತಾರೀಕಿನಿಂದ ಕೋಣೆ ಮುಚ್ಚುತ್ತದೆ. ಬೈಗುಳ ಬರಲಿ ಎಂದು ಕಾದಳು. ಯಾರೂ ಬೈಯಲಿಲ್ಲ. ಮರೆಮ್ಮ ತನ್ನ ಮೊಮ್ಮಗಳ ಮೂಗು ಒರೆಸಿ, ಇವಳನ್ನು ಕಟ್ಟಿಹಾಕಲು ಹಗ್ಗ ಹುಡುಕಬೇಕು ಎಂದಷ್ಟೇ ಹೇಳಿ ಕೆಲಸಕ್ಕೆ ಹೋದಳು.

ಕೊನೆಗೆ ಬಂದವಳು ತಿಪ್ಪವ್ವ. ಜೈಭೀಮನನ್ನು ಪಾರವ್ವನ ಕೈಗೆ ಕೊಟ್ಟಳು. ಭಾಗ್ಯಾ ಬಾಯಿ ತೆರೆಯುವ ಮೊದಲೇ, ಗೊತ್ತಾತು, ಹೇಳ್ಯಾರ ಎಂದಳು.

"ಕೂಸಿನ್ನ ಎಲ್ಲಿ ಬಿಡ್ತಿ?"

"ಮ್ಯಾಲ. ಲಿಫ್ಟಿನ ಖಾಂಬದ ಹಿಂದ ಜಾಗಾ ಅದ, ಬಿಸಲಿಲ್ಲ, ಧೂಳ ಕಮ್ಮಿ. ತೊಟ್ಟಿಲಂಗ ಜೋಳಿಗಿ ಕಟ್ಟಾಕ ಎರಡು ಸಳಿ ಹೊರಗ ಬಂದಾವ. ಅವತ್ತು ತಿರಗಾಡಬೇಕಾರ ನೋಡಿಟ್ಟೀನಿ. ಸುಮ್ಮ ನಡದು ಏನ್ ಮಾಡೂದಿತ್ರಿ?"

ಅಂದರೆ ಮೇಡಂ ಕಾರಿನಿಂದ ಇಳಿಯುವ ಮೊದಲೇ ಕೋಣೆ ಮುಚ್ಚುತ್ತದೆಂದು ಇವಳಿಗೆ ತಿಳಿದಿತ್ತು. ಭಾಗ್ಯಾ ಅದನ್ನು ಕೇಳಲಿಲ್ಲ. ತೋರಿಸು ಎಂದಳು.

ತಿಪ್ಪವ್ವ ಅವಳ ಚಪ್ಪಲಿ ನೋಡಿ, ಅವನ್ನ ಇಲ್ಲೇ ಬಿಡ್ರಿ, ಜಾರತಾವ ಎಂದು ಮುಂದೆ ಹತ್ತಿದಳು. ಮಿಕ್ಸರು ಗಡಗಡ ತಿರುಗುತ್ತಿತ್ತು. ಎರಡನೇ ಸ್ಲ್ಯಾಬಿಗೆ ಭಾಗ್ಯಾ ಗೋಡೆ ಸವರುತ್ತ, ಕೆಳಗೆ ನೋಡದೆ ಬಂದಳು. ಖಾಂಬದ ಹಿಂದೆ ಸಿಮೆಂಟಿನಿಂದ ಎರಡು ಕಬ್ಬಿಣದ ಸರಳು ಚಾಚಿಕೊಂಡಿದ್ದವು. ಭಾಗ್ಯಾ ಒಂದನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಇನ್ನೊಂದನ್ನೂ ಜಗ್ಗಿದಳು. ಆಮೇಲೆ ಅಂಚು ಎಷ್ಟು ದೂರವಿದೆ ಎಂದು ನೋಡಲು ತಿರುಗಿದಳು.